ಸೇವ್ ಒತ್ತಿದ ಮೇಲೆ...

ಮೊನ್ನೆ ಒಂದು ಅನಾಹುತ ಮಾಡಿಕೊಂಡೆ.

ಅಪ್ಪ ಹೋಗಿ ಎರಡು ವರ್ಷವಾಯಿತು. ನಿವೃತ್ತರಾದ ಮೇಲೆ ಅವರು ರಾಜರಾಜೇಶ್ವರಿನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಕೋರೆಲ್ ಡ್ರಾ ಕಲಿತು, ನಮ್ಮ ಮನೆತನದ ವಂಶವೃಕ್ಷ ಬಿಡಿಸಿದ್ದರು. ಏಳು ತಲೆಮಾರು, ಸುತ್ತ ಬಳ್ಳಿಯ ಅಂಚು. ತಂಗಿಯ ಗೃಹಪ್ರವೇಶದ ಆಮಂತ್ರಣಕ್ಕೆ ನನಗೆ ಆ ಅಂಚು ಬೇಕಿತ್ತು. ಅಪ್ಪನ ಹಳೇ ಕಂಪ್ಯೂಟರಿನಲ್ಲೇ ಫೈಲ್ ತೆರೆದೆ, ಒಳಗಿದ್ದದ್ದನ್ನು ಅಳಿಸಿದೆ, ದಿನ, ಮುಹೂರ್ತ, ವಿಳಾಸ ಕೂರಿಸಿದೆ, ಕೈ ತನ್ನ ಪಾಡಿಗೆ ಕಂಟ್ರೋಲ್ ಎಸ್ ಒತ್ತಿತು. 'ಸೇವ್ ಆ್ಯಸ್' ಅಲ್ಲ, ಬರೀ ಸೇವ್! ಅದೂ ಎರಡು ಸಲ. ಈ ತಂತ್ರಾಂಶ ಸೇವ್ ಮಾಡುವಾಗ ಹಿಂದಿನದನ್ನು ಬ್ಯಾಕಪ್ ಆಗಿ ಪಕ್ಕದಲ್ಲಿ ಇಡುತ್ತದೆ. ಒಂದೇ ಸಲಕ್ಕೆ ನಿಲ್ಲಿಸಿದ್ದರೆ ವೃಕ್ಷ ಅದರಲ್ಲಿ ಸಿಗುತ್ತಿತ್ತು. ಎರಡನೇ ಸಲಕ್ಕೆ ಅದರಲ್ಲೂ ಆಮಂತ್ರಣವೇ ಬಂದು ಕೂತಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಇದ್ದದ್ದರ ಮೇಲೆ ಬರೆದು ಕಳಕೊಂಡವರು ನಾನೊಬ್ಬನೇನಾ ಅಂತ ಓದುತ್ತಾ ಕೂತೆ. ಅಲ್ಲ. ಇದು ಬಹಳ ಹಳೆಯ ಚಾಳಿ.

ಗ್ರೀಕ್ ಗಣಿತಜ್ಞ ಆರ್ಕಿಮಿಡೀಸ್‌ನ ಕೃತಿಗಳನ್ನು 10ನೇ ಶತಮಾನದಲ್ಲಿ ಚರ್ಮದ ಹಾಳೆಗಳ ಮೇಲೆ ಪ್ರತಿ ಮಾಡಿದ್ದರು. 1229ರಲ್ಲಿ ಒಬ್ಬ ಪಾದ್ರಿ ಆ ಅಕ್ಷರಗಳನ್ನು ಕೆರೆದು, ಅದೇ ಹಾಳೆಗಳ ಮೇಲೆ ಪ್ರಾರ್ಥನೆಗಳನ್ನು ಬರೆದ. ಚರ್ಮ ದುಬಾರಿ, ಅವನಿಗೆ ಗಣಿತ ಬೇಕಿರಲಿಲ್ಲ. 1906ರಲ್ಲಿ ಹೈಬರ್ಗ್ ಎಂಬ ವಿದ್ವಾಂಸ ಅದರ ಅಡಿಯ ಅಕ್ಷರಗಳನ್ನು ಗುರುತಿಸಿದರು. 1998ರಲ್ಲಿ ಪುಸ್ತಕ 20 ಲಕ್ಷ ಡಾಲರಿಗೆ ಹರಾಜಾಯಿತು. ಆಮೇಲೆ ಬಾಲ್ಟಿಮೋರಿನ ವಾಲ್ಟರ್ಸ್ ಮ್ಯೂಸಿಯಂನಲ್ಲಿ ಬೇರೆಬೇರೆ ಬಣ್ಣದ ಬೆಳಕಿನಲ್ಲಿ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಹದ ಮಾಡಿ, ಕೆರೆದು ಹಾಕಿದ್ದನ್ನು ಓದಿದರು.

ಇನ್ನು ನಮ್ಮ ಊರಿನ ಕಥೆ. ಆ ಕೆಲಸದಲ್ಲಿದ್ದವರಲ್ಲಿ ಒಬ್ಬರು ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ರೋಜರ್ ಈಸ್ಟನ್. ಅದೇ ಸಂಸ್ಥೆಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದವರು ಪಿ.ಆರ್. ಮುಕುಂದ್. ಇಬ್ಬರೂ ಕೈ ಹಾಕಿದ್ದು ಉಡುಪಿಯ ಪಲಿಮಾರು ಮಠದ ಓಲೆಗರಿಗೆ! ಅದು ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಪ್ರತಿ. ಆಚಾರ್ಯರ ನೇರ ಶಿಷ್ಯ ಹೃಷೀಕೇಶ ತೀರ್ಥರು ಬರೆದದ್ದೆಂದು ಪರಂಪರೆ ನಂಬುತ್ತದೆ. ಸುಮಾರು 700 ವರ್ಷ ಹಳೆಯದು, 340 ಗರಿ, ಒಂದೊಂದೂ 26 ಇಂಚು ಉದ್ದ, ಎರಡು ಇಂಚು ಅಗಲ. ಇಲ್ಲಿ ಯಾರೂ ಮೇಲೆ ಬರೆದಿರಲಿಲ್ಲ. ಕಾಲವೇ ಅಳಿಸುತ್ತಿತ್ತು. ಗರಿ ಕಪ್ಪಾಗಿ, ಅಂಚು ಮುರಿದು, ಅಕ್ಷರಕ್ಕೂ ಗರಿಗೂ ವ್ಯತ್ಯಾಸವೇ ಕಾಣದಂತಾಗಿತ್ತು. 2005-06ರಲ್ಲಿ ಬಂದ ತಂಡ ಅವೆಗೆಂಪು ಬೆಳಕಿನಲ್ಲಿ ಪ್ರತಿ ಗರಿಯನ್ನೂ ತುಂಡುತುಂಡಾಗಿ ಚಿತ್ರ ತೆಗೆದು, ಹೊಲಿದಂತೆ ಜೋಡಿಸಿತು. ಕಣ್ಣಿಗೆ ಕಾಣದಿದ್ದ ಅಕ್ಷರಗಳು ಎದ್ದು ಬಂದವು.

ಓಲೆಗರಿ ಬರೆಯುತ್ತಿದ್ದವರಿಗೆ ಬ್ಯಾಕಪ್ ಗೊತ್ತಿತ್ತು ಅನ್ನಿ. ಕಂಟದಿಂದ ಕೊರೆದು ಮಸಿ ಹಚ್ಚುವುದು. ಮಸಿ ಮಾಸಿದರೆ ಮತ್ತೆ ಹಚ್ಚಬಹುದು, ಕೊರೆದ ಗೀರು ಇರುತ್ತದಲ್ಲ. ಗರಿ ಹಾಳಾಗುವ ಮೊದಲು ಇನ್ನೊಬ್ಬ ಕೂತು ಪ್ರತಿ ಮಾಡುತ್ತಿದ್ದ. ಪಂಪ, ರನ್ನರು ನಮ್ಮ ಕೈಗೆ ಸಿಕ್ಕಿದ್ದು ಹೀಗೆ ಪ್ರತಿಯಿಂದ ಪ್ರತಿಗೆ ಹರಿದು.

ಕಂಪ್ಯೂಟರಿನವರಿಗೂ ಗೊತ್ತಿತ್ತು. 1977ರ ವಿಎಂಎಸ್‌ನಲ್ಲಿ ಫೈಲನ್ನು ತಿದ್ದಿ ಉಳಿಸಿದಾಗ ಹೊಸ ಸಂಖ್ಯೆಯ ಪ್ರತಿ ಹುಟ್ಟುತ್ತಿತ್ತು, ಹಳೆಯದು ಹಾಗೇ ಇರುತ್ತಿತ್ತು. ನಮ್ಮ ಮನೆಗಳಿಗೆ ಬಂದ ಡಾಸ್, ವಿಂಡೋಸ್‌ಗಳಿಗೆ ಆ ಅಭ್ಯಾಸ ಬರಲಿಲ್ಲ. ನಾಸಾದವರೂ ಜಾರಿದ್ದಾರೆ. ಅಪೊಲೊ 11ರ ಮೂಲ ಟೇಪುಗಳನ್ನು ಬಹುಶಃ ಅಳಿಸಿ ಮರುಬಳಕೆ ಮಾಡಿರಬೇಕೆಂದು 2009ರಲ್ಲಿ ಒಪ್ಪಿಕೊಂಡರು. ಕೊನೆಗೆ ಟಿವಿ ಪ್ರಸಾರದ ಪ್ರತಿಗಳಿಂದ ಚಂದ್ರನ ಮೇಲಿನ ನಡಿಗೆಯನ್ನು ಸರಿಪಡಿಸಬೇಕಾಯಿತು.

ಇರಲಿ, ನನ್ನ ಫೈಲಿಗೆ ಬರೋಣ. ಎಷ್ಟೋ ತಂತ್ರಾಂಶಗಳು ಹಳೆಯದರ ಮೇಲೇ ಬರೆಯುವುದಿಲ್ಲ. ಹೊಸದನ್ನು ಡಿಸ್ಕಿನ ಬೇರೆ ಜಾಗದಲ್ಲಿ ಬರೆದು, ಹೆಸರನ್ನು ಅದಕ್ಕೆ ಕೊಡುತ್ತವೆ. ಹಳೆಯದು ಹೆಸರು ಕಳಕೊಂಡು, ಆ ಜಾಗಕ್ಕೆ ಬೇರೆಯದು ಬರುವ ತನಕ ಅಲ್ಲೇ ಬಿದ್ದಿರುತ್ತದೆ. ಆದರೆ ಚರ್ಮದ ಹಾಗಲ್ಲ ಡಿಸ್ಕು. ನಿಜವಾಗಿಯೂ ಮೇಲೆ ಬರೆದುಬಿಟ್ಟರೆ ಅಡಿಯದು ಸಿಗುವುದಿಲ್ಲ. ಈಗಿನ ಎಸ್‌ಎಸ್‌ಡಿಗಳಂತೂ ಖಾಲಿಯಾದ ಜಾಗವನ್ನು ತಾವೇ ಒರೆಸಿಬಿಡುತ್ತವೆ. ಅಪ್ಪನದು ಹಳೇ ಕಾಲದ ತಿರುಗುವ ಡಿಸ್ಕು, ಪುಣ್ಯ. ತಕ್ಷಣ ಆಫ್ ಮಾಡಿ, ಡಿಸ್ಕ್ ಬಿಚ್ಚಿ, ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ, ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಓಡಿಸಿದೆ. ಅದು ಹೆಸರಿಲ್ಲದ ಸಾವಿರಾರು ಫೈಲುಗಳನ್ನು ಸುರಿಯಿತು. ಎರಡು ಸಂಜೆ ಒಂದೊಂದಾಗಿ ತೆರೆದೆ.

ಒಂದರಲ್ಲಿ ಆ ಬಳ್ಳಿ ಕಾಣಿಸಿತು. ಒಳಗೆಲ್ಲ ಇಂಗ್ಲಿಷಿನ ವಕ್ರ ಅಕ್ಷರಗಳು! ಅಪ್ಪ ಯೂನಿಕೋಡ್ ಅಲ್ಲ, ಹಳೇ ನುಡಿ ಫಾಂಟ್ ಬಳಸಿದ್ದರು. ಫಾಂಟ್ ಹಾಕಿದ ಮೇಲೆ ಮುತ್ತಜ್ಜ ಕನ್ನಡಕ್ಕೆ ಮರಳಿದರು :-)

ಆದರೆ ಅದು ಕೊನೆಯ ಪ್ರತಿ ಅಲ್ಲ. ಒಂದು ಕೊಂಬೆ ಖಾಲಿ ಇತ್ತು. ಮೈಸೂರಿನ ಅತ್ತೆಗೆ ಫೋನ್ ಮಾಡಿದೆ. "ಅದು ನಮ್ಮ ಸಣ್ಣಕ್ಕನ ಕೊಂಬೆ ಕಣೋ. ಆರು ವರ್ಷಕ್ಕೇ ಹೋದಳು. ಅವಳನ್ನ ಯಾರೂ ಬರೆಯಲ್ಲ ಅಂತ ನಿಮ್ಮಪ್ಪ ನನ್ನ ಕೇಳಿಕೇಳಿ ಸೇರಿಸಿದ್ದ" ಎಂದರು. ಹೆಸರು ಹೇಳಿದರು. ಅಪ್ಪನ ಕೋಣೆಯಲ್ಲೇ ಕೂತು, ಅದೇ ಫಾಂಟಿನಲ್ಲಿ ಟೈಪ್ ಮಾಡಿದೆ.

ಈ ಸಲ ಮೂರು ಕಡೆ ಉಳಿಸಿದ್ದೇನೆ. ಅತ್ತೆಗೆ ಒಂದು ಕಾಗದದ ಪ್ರತಿಯನ್ನೂ ಕಳಿಸಿದೆ. ನಿಮ್ಮ ಮನೆಯಲ್ಲೂ ಇಂಥ ಫೈಲ್ ಇದ್ದರೆ, ಇವತ್ತೇ ಒಂದು ಪ್ರತಿ ಮಾಡಿಡಿ.