ನೆಲದ ಕೆಳಗಿನ ಕೋಣೆ

ಮನೆ ಕಟ್ಟಿಸುವ ನಮ್ಮವರಲ್ಲಿ ಈಚೆಗೆ ಒಂದು ಹೊಸ ಆಸೆ ಕಾಣುತ್ತಿದೆ. ಇದ್ದ ಐದು ಸೆಂಟ್ ಜಾಗದಲ್ಲೇ ನೆಲದಡಿ ಒಂದು ಕೋಣೆ ಮಾಡಿಸಿದರೆ ಹೇಗೆ? ಪುಸ್ತಕಗಳಿಗಾಯಿತು, ಮಕ್ಕಳ ಸಂಗೀತಾಭ್ಯಾಸಕ್ಕಾಯಿತು, ಊರಿನಿಂದ ಬಂದ ನೆಂಟರಿಗೂ ಆಯಿತು. ಅಮೆರಿಕದಲ್ಲಿರುವ ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ಕೆಲವು ತಿಂಗಳಿದ್ದು ಬಂದ ಹಿರಿಯರಂತೂ ಅಲ್ಲಿನ ‘ಬೇಸ್‌ಮೆಂಟ್’ ಕಂಡು ಮೆಚ್ಚಿ ಬಂದಿರುತ್ತಾರೆ. ಅಂಥ ಕೋಣೆಯನ್ನು ಹೇಗೆ ಸಜ್ಜುಗೊಳಿಸಬೇಕೆಂದು ಯೋಚಿಸುವ ಮೊದಲು, ನಮ್ಮ ನಾಡಿನಲ್ಲೂ ನಾವು ಬಂದು ನೆಲೆಸಿರುವ ಈ ನಾಡಿನಲ್ಲೂ ಹಿಂದಿನವರು ನೆಲದ ಕೆಳಗೆ ಏನನ್ನು ಇಟ್ಟರು, ಏನನ್ನು ಇಡಲಿಲ್ಲ ಎಂಬುದನ್ನು ನೋಡುವುದು ಒಳ್ಳೆಯದು.

ತಿರುವನಂತಪುರದಲ್ಲಿ ನೆಲಮಾಳಿಗೆ ಎಂದರೆ ಮೊದಲು ನೆನಪಾಗುವುದು ಶ್ರೀ ಪದ್ಮನಾಭಸ್ವಾಮಿ ದೇವಾಲಯ. ಮಲಯಾಳಿಗಳು ಅಲ್ಲಿನ ನೆಲಮಾಳಿಗೆಗಳನ್ನು ‘ಕಲ್ಲರ’ ಎನ್ನುತ್ತಾರೆ. ಕಲ್ಲು ನಮಗೆ ಗೊತ್ತು. ‘ಅರ’ ಎಂದರೆ ಕೋಣೆ; ನಮ್ಮ ಹಳೆಯ ಕನ್ನಡದಲ್ಲೂ ಆ ಶಬ್ದ ಉಂಟು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2011ರ ಜೂನ್ ಕೊನೆಯಲ್ಲಿ ಕಲ್ಲರಗಳನ್ನು ತೆರೆದಾಗ ಚಿನ್ನದ ಸರಗಳು, ನಾಣ್ಯಗಳು, ರತ್ನದ ಒಡವೆಗಳು ಲೋಕವನ್ನೇ ಬೆರಗುಗೊಳಿಸಿದವು. ಅವುಗಳಲ್ಲಿ ನಮ್ಮ ಕೃಷ್ಣದೇವರಾಯನ ಕಾಲದ ನಾಣ್ಯಗಳೂ ಇದ್ದುವೆಂದು ಆಗಿನ ಪತ್ರಿಕೆಗಳು ಬರೆದವು. ಒಂದು ಲಕ್ಷ ಕೋಟಿ ರೂಪಾಯಿ ಎಂಬ ಲೆಕ್ಕ ಪತ್ರಿಕೆಗಳ ಅಂದಾಜೇ ಹೊರತು ಯಾರೂ ತೂಗಿ ನೋಡಿ ಹೇಳಿದ್ದಲ್ಲ.

ನನಗೆ ಆ ಹೊನ್ನಿಗಿಂತ ಆ ಕೋಣೆಗಳ ವ್ಯವಸ್ಥೆ ಹೆಚ್ಚು ಕುತೂಹಲದ್ದೆನಿಸುತ್ತದೆ. 1750ರ ಜನವರಿಯಲ್ಲಿ ಮಾರ್ತಾಂಡವರ್ಮ ಮಹಾರಾಜನು ‘ತೃಪ್ಪಡಿದಾನ’ದ ಮೂಲಕ ರಾಜ್ಯವನ್ನು ದೇವರಿಗೆ ಒಪ್ಪಿಸಿ ತಾನು ಪದ್ಮನಾಭದಾಸನೆಂದು ಕರೆದುಕೊಂಡ. ಹಾಗಾಗಿ ನೆಲದಡಿಯ ಧನ ರಾಜನದೋ ದೇವರದೋ ಎಂಬ ಪ್ರಶ್ನೆ ಅಂದಿನವರಿಗೆ ಏಳಲಿಲ್ಲ. ಅದು ನಮ್ಮ ಕಾಲದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ದೇವಾಲಯದ ವ್ಯವಹಾರವೆಲ್ಲ ‘ಮತಿಲಕಂ’ ದಾಖಲೆಗಳೆಂಬ ತಾಳೆಗರಿಯ ಕಟ್ಟುಗಳಲ್ಲಿ ಬರಹಕ್ಕಿಳಿದಿದೆ. ಕಲ್ಲರಗಳ ಹೆಸರುಗಳೂ ಸೊಗಸು: ವೇದವ್ಯಾಸಕೋಣ, ಸರಸ್ವತೀಕೋಣ, ಮಹಾಭಾರತಕೋಣ, ಶ್ರೀಪಂಡಾರ. ಉತ್ಸವದ ಒಡವೆಗಳನ್ನೂ ನಿತ್ಯಪೂಜೆಯ ಪಾತ್ರೆಗಳನ್ನೂ ಇಡುವ ಕೋಣೆಗಳು ಆಗಾಗ ತೆರೆಯುತ್ತಿದ್ದವು. ಬೇರೆಯವು ವರ್ಷಗಟ್ಟಲೆ ಮುಚ್ಚಿಯೇ ಇರುತ್ತಿದ್ದವು. ಶ್ರೀ ಚಿತ್ತಿರ ತಿರುನಾಳ್ ಮಹಾರಾಜರ ಕಾಲದಲ್ಲಿ, 1931ರಲ್ಲಿ, ಕಲ್ಲರವನ್ನು ತೆರೆಸಿ ನೋಡಿದ್ದುಂಟು. 2011ರ ಬಳಿಕ ‘ಬಿ’ ಕಲ್ಲರದ ಬಾಗಿಲಿಗೆ ಹಾವಿನ ಶಾಪ ಅಂಟಿಸಿದ ಕತೆಗಾರರು ಇದನ್ನು ನೆನೆಯುವುದಿಲ್ಲ. 1990ರಿಂದ 2002ರೊಳಗೆ ಆ ‘ಬಿ’ ಕಲ್ಲರವೇ ಹಲವು ಸಲ ತೆರೆದಿತ್ತೆಂದು ಲೆಕ್ಕಪರಿಶೋಧನೆ ನಡೆಸಿದ ವಿನೋದ್ ರಾಯ್ ಅವರ ವರದಿ ಹೇಳಿತು. 2020ರ ಜುಲೈ 13ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜಮನೆತನದ ಸೇವಾಧಿಕಾರವನ್ನು ಎತ್ತಿಹಿಡಿದು, ‘ಬಿ’ ಕಲ್ಲರದ ವಿಚಾರವನ್ನು ಸಮಿತಿಯ ವಿವೇಚನೆಗೆ ಬಿಟ್ಟಿತು.

ಈ ದೇವಾಲಯಕ್ಕೂ ನಮಗೂ ಇರುವ ನಂಟನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಇಲ್ಲಿ ಪೂಜೆ ಮಾಡುವ ನಂಬಿಗಳು ಬರುವುದು ತುಳುನಾಡಿನಿಂದ. ಅವರನ್ನು ಅಕ್ಕರೆ ದೇಶಿ, ಇಕ್ಕರೆ ದೇಶಿ ಎಂದು ವಿಂಗಡಿಸುತ್ತಾರೆ. ಹೊಳೆಯ ಆಚೆ ಕರೆ, ಈಚೆ ಕರೆ ಎಂದರ್ಥ. ಕಾಸರಗೋಡಿನ ಕುಂಬಳೆಯ ಸಮೀಪ ಅನಂತಪುರದ ಸರೋವರ ದೇವಾಲಯವಿದೆ. ಅದೇ ಪದ್ಮನಾಭನ ಮೂಲಸ್ಥಾನವೆಂದು ಅಲ್ಲಿನವರ ನಂಬಿಕೆ. ಸರೋವರದ ಬದಿಯಲ್ಲಿರುವ ಗುಹೆಯೊಂದರಿಂದ ದೇವರು ನೆಲದಡಿಯ ದಾರಿ ಹಿಡಿದು ತಿರುವನಂತಪುರಕ್ಕೆ ಬಂದನಂತೆ. ಆ ಸರೋವರದಲ್ಲಿದ್ದ ‘ಬಬಿಯಾ’ ಎಂಬ ಮೊಸಳೆ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಿತು. ನೈವೇದ್ಯದ ಅನ್ನ ತಿನ್ನುತ್ತಿದ್ದ ಮೊಸಳೆಯೆಂದು ಅದನ್ನು ನೋಡಲೆಂದೇ ಹೋಗಿ ಬಂದವರು ನಮ್ಮಲ್ಲಿ ಅನೇಕರಿರಬಹುದು.

ಅರಮನೆ, ದೇಗುಲಗಳ ಮಾತು ಬಿಡೋಣ. ಕೇರಳದ ಸಾಧಾರಣ ಅನುಕೂಲಸ್ಥರ ನಾಲುಕೆಟ್ಟು ಮನೆಗಳಲ್ಲೂ ನೆಲಮಾಳಿಗೆ ಇತ್ತು. ಅದರ ಹೆಸರು ‘ನಿಲವರ’. ಮನೆಯ ನಡುವೆ ಮರದ ಹಲಗೆಗಳಿಂದ ಭದ್ರವಾಗಿ ಕಟ್ಟಿದ ‘ಅರ’ ಎಂಬ ಭತ್ತದ ಕಣಜ, ಅದರ ಅಡಿಯಲ್ಲಿ ನಿಲವರ. ಇಳಿಯಬೇಕಾದರೆ ಅರದ ನೆಲದ ಹಲಗೆ ಎತ್ತಬೇಕು. ಉಪ್ಪಿನಲ್ಲಿ ಹಾಕಿದ ಮಾವಿನಮಿಡಿಯ ಭರಣಿ, ಹಬ್ಬಕ್ಕೆ ಮಾತ್ರ ಹೊರಬರುವ ಉರುಳಿ, ದೀಪ, ಚೊಂಬು, ಒಡವೆಯ ಪೆಟ್ಟಿಗೆ ಇವು ಅಲ್ಲಿನ ನಿವಾಸಿಗಳು. ಮನುಷ್ಯರು ಇಳಿದರೆ ಕೈಯಲ್ಲಿ ದೀಪ ಹಿಡಿದು ಇಳಿದು, ಬೇಕಾದುದನ್ನು ತೆಗೆದುಕೊಂಡು ಹತ್ತಿಬಿಡುತ್ತಿದ್ದರು. ಚಾಪೆ ಹಾಸಿ ಕೂರುವ ಜಾಗ ಅದಾಗಿರಲಿಲ್ಲ.

ಇದಕ್ಕೆ ಅಣ್ಣನಂತಿರುವುದು ನಮ್ಮ ಉತ್ತರ ಕರ್ನಾಟಕದ ಹಗೇವು. ಧಾರವಾಡ, ಗದಗ, ವಿಜಯಪುರ, ಕಲಬುರ್ಗಿ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಮೈಸೂರು ಸೀಮೆಯವರಿಗಾಗಿ ಬರೆಯುತ್ತೇನೆ. ಗಟ್ಟಿ ನೆಲದಲ್ಲಿ ಒಬ್ಬಾಳು ಇಳಿಯುವಷ್ಟು ಕಿರಿದಾದ ಬಾಯಿ, ಒಳಗೆ ಇಳಿದಂತೆ ಗಡಿಗೆಯ ಹೊಟ್ಟೆಯಂತೆ ಅಗಲ. ಸುತ್ತ ಹೊಟ್ಟು, ಕಣಿಕೆಗಳನ್ನು ಒತ್ತಿ, ಜೋಳ ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತಿಬಿಟ್ಟರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಇದರಲ್ಲಿ ಮಂತ್ರವೇನೂ ಇಲ್ಲ. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳು ಬದುಕಲಾರದು. ಹುಳು ಬದುಕದ ಕಡೆ ಮನುಷ್ಯನೂ ಬದುಕಲಾರ. ಆದ್ದರಿಂದಲೇ ಹಗೇವು ತೆಗೆದ ಮೇಲೆ ಬಹಳ ಹೊತ್ತು ಬಾಯಿ ತೆರೆದಿಟ್ಟು, ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ನಂದದಿದ್ದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ಅವಸರ ಮಾಡಿದ ಕಡೆ ಜೀವ ಹೋದದ್ದುಂಟು. ಬರದ ಸೀಮೆಗೆ ಹಗೇವೇ ವಿಮೆ. 1876–78ರ ಮಹಾಕ್ಷಾಮದಂಥ ಕಾಲದಲ್ಲಿ ಹಗೇವಿನಲ್ಲಿ ಕಾಳಿದ್ದವನ ಮನೆಗೂ ಇಲ್ಲದವನ ಮನೆಗೂ ಇದ್ದ ಅಂತರವನ್ನು ಊಹಿಸಿಕೊಳ್ಳಬಹುದು.

ಹೀಗೆ ಕಾಳು, ಹೊನ್ನು, ದೇವರು ಇವು ನೆಲದಡಿ ಇದ್ದವು. ಮನುಷ್ಯರನ್ನು ಇಟ್ಟದ್ದೂ ಉಂಟು, ಆದರೆ ಶ್ರೀರಂಗಪಟ್ಟಣದ ಬೇಲಿಯ ಸೆರೆಮನೆಯಂಥ ಕಡೆ, ಸರಪಳಿ ಹಾಕಿ. ಬೆಳಕು, ಗಾಳಿ ಬೇಡದ್ದನ್ನು ಮಾತ್ರ ಕೆಳಗಿಡುವುದು ನಮ್ಮ ಹಿರಿಯರ ಕ್ರಮ. ಅತಿಥಿಯನ್ನು ಅಲ್ಲಿ ಕೂರಿಸಲಿಲ್ಲ.

ಅಮೆರಿಕ, ಕೆನಡಾಗಳಲ್ಲಿ ಯಾಕೆ ಕೂರಿಸುತ್ತಾರೆ? ಅದಕ್ಕೆ ಚಳಿಯೇ ಕಾರಣ. ಉತ್ತರದ ಊರುಗಳಲ್ಲಿ ಚಳಿಗಾಲಕ್ಕೆ ಮೂರು ನಾಲ್ಕು ಅಡಿ ಮಣ್ಣು ಹೆಪ್ಪುಗಟ್ಟುತ್ತದೆ. ಅಡಿಪಾಯ ಅದಕ್ಕಿಂತ ಕೆಳಗಿಳಿಯದಿದ್ದರೆ ಮನೆ ಬಿರಿಯುತ್ತದೆ. ಅಷ್ಟು ಅಗೆದ ಮೇಲೆ ಇನ್ನೂ ನಾಲ್ಕಡಿ ಅಗೆದರೆ ಒಂದು ಅಂತಸ್ತೇ ದೊರೆಯಿತು. ಮೊದಮೊದಲು ಅಲ್ಲಿ ಇದ್ದುದು ಕಲ್ಲಿದ್ದಲ ರಾಶಿ ಮತ್ತು ಮನೆ ಬಿಸಿಮಾಡುವ ಒಲೆ. ಎಣ್ಣೆ, ಅನಿಲಗಳು ಬಂದು ಇದ್ದಲು ಮಾಯವಾದಾಗ ಜಾಗ ತೆರವಾಯಿತು. ಎರಡನೆಯ ಮಹಾಯುದ್ಧದ ನಂತರದ ಬಡಾವಣೆಗಳಲ್ಲಿ ಅದು ಮಕ್ಕಳ ಆಟದ ಕೋಣೆಯಾಯಿತು. ಈಗ ಅಲ್ಲಿ ನಮ್ಮವರು ನವರಾತ್ರಿಯ ಗೊಂಬೆ ಕೂರಿಸುತ್ತಾರೆ, ರಾಜ್ಯೋತ್ಸವದ ನಾಟಕದ ತಾಲೀಮು ಮಾಡುತ್ತಾರೆ. ನೋಡಲು ಚೆಂದ. ಆದರೆ ಕಾರ್ಪೆಟ್ಟಿನ ಮೂಲೆಯಲ್ಲಿ ಒಂದು ಗುಂಡಿ, ಅದರಲ್ಲಿ ನೀರೆತ್ತುವ ಪಂಪು ಇರುವುದನ್ನೂ, ಯಾರಾದರೂ ಮಲಗುವ ಕೋಣೆಯಾದರೆ ಹೊರಗೆ ಹತ್ತಿ ಪಾರಾಗಲು ತಕ್ಕಷ್ಟು ದೊಡ್ಡ ಕಿಟಕಿ ಇರಲೇಬೇಕೆಂಬ ಕಟ್ಟಡ ನಿಯಮವನ್ನೂ ನಮ್ಮ ಹಿರಿಯರು ಗಮನಿಸಿ ಬರುವುದಿಲ್ಲ.

ಈ ನಿಯಮದ ಬೆಲೆ ದೆಹಲಿಯಲ್ಲಿ ತಿಳಿಯಿತು. 2024ರ ಜುಲೈ 27ರ ಸಂಜೆ ಓಲ್ಡ್ ರಾಜಿಂದರ್ ನಗರದ ತರಬೇತಿ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ಒಬ್ಬ ಕೇರಳದ ಹುಡುಗ. ಸಾಮಾನು ಇಡಲೆಂದು ಅನುಮತಿ ಪಡೆದ ಜಾಗವನ್ನು ಗ್ರಂಥಾಲಯ ಮಾಡಿದ್ದರು.

ಇನ್ನು ನಮ್ಮ ಎರಡು ಊರುಗಳ ವಿಷಯ. ಎರಡೂ ಬೇರೆ ಬೇರೆ. ಕೊಚ್ಚಿ ನೀರಿನ ಮೇಲೆ ಕೂತ ಊರು. 1341ರ ಪೆರಿಯಾರ್ ಪ್ರವಾಹ ಬಂದರಿನ ಬಾಯಿ ತೆರೆಯಿತೆನ್ನುತ್ತಾರೆ. ವಿಲಿಂಗ್ಡನ್ ದ್ವೀಪವಂತೂ ಹೂಳೆತ್ತಿದ ಮಣ್ಣಿನಿಂದಲೇ ಎದ್ದುದು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ವಿಜಯಪುರದ ಸುಮಾರು ಐದು ಪಟ್ಟು. ಕೆಲವು ಅಡಿ ತೋಡಿದರೆ ನೀರು. ಮಟ್ಟಾಂಚೇರಿಯ ಮೆಣಸು, ಶುಂಠಿಯ ವ್ಯಾಪಾರಿಗಳು ಸರಕನ್ನು ನೆಲದ ಮೇಲೆ ಇಟ್ಟು ಮಹಡಿಯಲ್ಲಿ ವಾಸಿಸಿದ್ದು ಸುಮ್ಮನೆ ಅಲ್ಲ. 2018ರ ಆಗಸ್ಟಿನ ಪ್ರವಾಹದಲ್ಲಿ ವಿಮಾನ ನಿಲ್ದಾಣವೇ ಎರಡು ವಾರ ಮುಚ್ಚಿತು. ಕೊಚ್ಚಿಯ ಗೆಳೆಯರಿಗೆ ನನ್ನ ಮಾತು ಇಷ್ಟೇ: ಆಸೆ ಬಿಡಿ, ಅಟ್ಟ ಕಟ್ಟಿಸಿ.

ತಿರುವನಂತಪುರ ಗುಡ್ಡಗಳ ಊರು. ಇಳಿಜಾರಿನ ನಿವೇಶನದಲ್ಲಿ ರಸ್ತೆಯ ಮಟ್ಟಕ್ಕಿಂತ ಕೆಳಗೆ ಒಂದು ಅಂತಸ್ತು ತಾನಾಗಿ ದೊರೆಯುತ್ತದೆ. ಒಂದು ಮಗ್ಗುಲು ಮಣ್ಣಿಗೆ, ಇನ್ನೊಂದು ಮಗ್ಗುಲು ಬಯಲಿಗೆ. ಇಲ್ಲಿ ಮಾತ್ರ ಕೂರುವ ಕೋಣೆ ಸಾಧ್ಯ. ಆದರೆ ಕಾಸರಗೋಡಿನವರನ್ನು ಕೇಳಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ಹನಿಹನಿಯಾಗಿ ಬರುವ ನೀರಿನಿಂದ ಅಡಿಕೆ ತೋಟ ಬೆಳೆಸಿದವರು ಅವರು. ಅದೇ ಕೆಂಪು ಗುಡ್ಡ, ಅದೇ ನೀರು ನಮ್ಮ ಕೋಣೆಯ ಹಿಂಗೋಡೆಯ ಬೆನ್ನಿಗೂ ಇರುತ್ತದೆ. ಗೋಡೆಯ ಹಿಂದೆ ಜಲ್ಲಿ ತುಂಬಿ ನೀರಿಗೆ ದಾರಿ ಬಿಡದಿದ್ದರೆ ಯಾವ ಬಣ್ಣವೂ ನಿಲ್ಲದು. ಪುಸ್ತಕದ ಕಪಾಟು ಆ ಗೋಡೆಗೆ ತಾಗದಂತೆ ಒಂದು ಗೇಣು ಮುಂದಕ್ಕಿರಲಿ, ಕಾಲಿನ ಮೇಲೆ ನಿಂತಿರಲಿ. ನೆಲಕ್ಕೆ ಕಾರ್ಪೆಟ್ ಬೇಡ, ಕೆಂಪು ಹೆಂಚಿನ ಬಿಲ್ಲೆ ಸಾಕು. ಕೂರುವ ಜಾಗ, ಹಾರ್ಮೋನಿಯಂ, ನೆಂಟರ ಮಂಚ ಬಯಲಿನ ಕಡೆಗೆ, ಹೊರಗೆ ತೆರೆಯುವ ಬಾಗಿಲಿನ ಹತ್ತಿರ. ಗೊಂಬೆಯ ಪೆಟ್ಟಿಗೆ, ಉಪ್ಪಿನಕಾಯಿ ಭರಣಿ, ಹಿತ್ತಾಳೆ ಪಾತ್ರೆ ಗುಡ್ಡದ ಕಡೆಗೆ. ಬಡಗಿಯನ್ನು ಕರೆಯುವುದಕ್ಕೂ ಅವಸರ ಬೇಡ. ಕೋಣೆಯನ್ನು ಖಾಲಿ ಬಿಟ್ಟು ಒಂದು ಇಡವಪ್ಪಾತಿ, ಒಂದು ತುಲಾವರ್ಷ ಕಳೆಯಲಿ. ಗೋಡೆಯಲ್ಲಿ ಎಲ್ಲಿ ಒದ್ದೆಯಾಯಿತೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟುಕೊಂಡು, ಆಮೇಲೆ ಕಪಾಟಿನ ಅಳತೆ ಕೊಡಿ.