ಒಲ್ಲೆನೆಂದ ಟಿಟೋ

ನಾನು ಹುಡುಗನಾಗಿದ್ದಾಗ ನಮ್ಮ ಮೇಷ್ಟರು ನೆಹರೂ, ನಾಸರ್, ಟಿಟೋ ಎಂಬ ಮೂರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಮೊದಲನೆಯವರು ನಮ್ಮವರೇ. ನಾಸರ್ ಸೂಯೆಜ್ ಕಾಲುವೆಯಿಂದ ಪರಿಚಿತರು. ಮೂರನೆಯ ಹೆಸರಿನ ಹಿಂದಿದ್ದ ಮನುಷ್ಯ ನನಗೆ ಗೊತ್ತಾದದ್ದು ಬಹಳ ತಡವಾಗಿ. ಗೊತ್ತಾದ ಮೇಲೆ ಮೇಷ್ಟರು ಕಲಿಸಿದ ಗೌರವ ಪೂರ್ತಿ ಹೋಗಲಿಲ್ಲ, ಪೂರ್ತಿ ಉಳಿಯಲೂ ಇಲ್ಲ.

ಟಿಟೋ ಎಂಬುದು ಭೂಗತ ರಾಜಕೀಯದಲ್ಲಿ ಇಟ್ಟುಕೊಂಡ ಹೆಸರು. ಹುಟ್ಟುಹೆಸರು ಯೋಸಿಪ್ ಬ್ರೋಜ್. ಕ್ರೊಯೇಷಿಯಾದ ಕುಮ್ರೊವೆತ್ಸ್ ಎಂಬ ಹಳ್ಳಿಯಲ್ಲಿ 1892ರಲ್ಲಿ ಜನನ. ತಂದೆ ಕ್ರೊಯಾಟ್, ತಾಯಿ ಸ್ಲೊವೀನ್. ಕಲಿತದ್ದು ಬೀಗ ಮಾಡುವ ಕೆಲಸ. ಆಸ್ಟ್ರಿಯದ ಸೈನಿಕನಾಗಿ 1915ರಲ್ಲಿ ರಷ್ಯನ್ನರ ಕೈಗೆ ಸೆರೆಸಿಕ್ಕಿ, ಅಲ್ಲಿಯ ಕ್ರಾಂತಿಯನ್ನು ಕಂಡು, 1920ರಲ್ಲಿ ಊರಿಗೆ ಮರಳಿದ. 1928ರಲ್ಲಿ ಜಾಗ್ರೆಬ್ ನಗರದ ನ್ಯಾಯಾಲಯದಲ್ಲಿ ನಿಂತು, ಈ ನ್ಯಾಯಾಲಯವನ್ನೇ ನಾನು ಒಪ್ಪುವುದಿಲ್ಲವೆಂದು ಹೇಳಿ ಐದು ವರ್ಷದ ಸೆರೆವಾಸ ಪಡೆದ. ಒಲ್ಲೆನೆನ್ನುವುದು ಆತನ ಹಳೆಯ ಚಾಳಿ.

ಹಿಟ್ಲರನ ಸೈನ್ಯ 1941ರಲ್ಲಿ ಯುಗೊಸ್ಲಾವಿಯವನ್ನು ನುಂಗಿದಾಗ ಆತ ಬೆಟ್ಟಕಾಡುಗಳಲ್ಲಿ ಗೆರಿಲ್ಲಾ ಪಡೆ ಕಟ್ಟಿದ. ಕೊನೆಗೆ ಬೆಲ್‌ಗ್ರೇಡ್ ಬಿಡಿಸಿಕೊಳ್ಳಲು ರಷ್ಯದ ಕೆಂಪು ಸೇನೆ ಹೆಗಲು ಕೊಟ್ಟಿತು, ನಿಜ. ಆದರೆ ರಾಜ್ಯ ಆತನ ಕೈಗೆ ಬಂದದ್ದು ಮಾಸ್ಕೋದ ದಾನವಾಗಿ ಅಲ್ಲ. ಸ್ಟಾಲಿನ್ನನಿಗೆ ಎದುರಾಡುವ ಧೈರ್ಯ ಬಂದದ್ದು ಇಲ್ಲಿಂದಲೇ. 1948ರ ಜೂನ್ 28ರಂದು ಕಮ್ಯುನಿಸ್ಟ್ ಪಕ್ಷಗಳ ಕೂಟವಾದ ಕಾಮಿನ್‌ಫಾರ್ಮ್ ಯುಗೊಸ್ಲಾವಿಯಕ್ಕೆ ಬಹಿಷ್ಕಾರ ಹಾಕಿತು. ಆತ ಬಗ್ಗಲಿಲ್ಲ. ಜಗತ್ತು ಬೆರಗಾಯಿತು.

ಆದರೆ ಆ ದೇಶದ ಸಾಧಾರಣ ಪಕ್ಷಕಾರ್ಯಕರ್ತನ ಗತಿಯೇನಾಯಿತು? ನಿನ್ನೆಯವರೆಗೆ ಸ್ಟಾಲಿನ್ ದೇವರು. ಪಕ್ಷವೇ ಹಾಗೆ ಕಲಿಸಿತ್ತು. ಇಂದು ಅದೇ ಹೆಸರನ್ನು ಆಡಿದರೆ ದ್ರೋಹ. ಹೊರಳಿಕೊಳ್ಳಲು ತಡಮಾಡಿದವರಿಗೆಂದು 1949ರಲ್ಲಿ ಏಡ್ರಿಯಾಟಿಕ್ ಕಡಲಿನ ಗೋಲಿ ಓಟೊಕ್ ದ್ವೀಪದಲ್ಲಿ ಸೆರೆಮನೆ ತೆರೆಯಿತು. ಹೆಸರಿನ ಅರ್ಥವೇ ಬೋಳು ದ್ವೀಪ. ಬಹುಮಂದಿಗೆ ವಿಚಾರಣೆಯೇ ಇಲ್ಲ. ಹಡಗಿನಿಂದಿಳಿದ ಹೊಸಬ ಎರಡು ಸಾಲಾಗಿ ನಿಂತ ಹಳೆಯ ಕೈದಿಗಳ ನಡುವೆ ಓಡಬೇಕು, ಅವರು ಹೊಡೆಯಬೇಕು. ಮೆಲ್ಲಗೆ ಹೊಡೆದವನಿಗೆ ತಾನೇ ಏಟು ತಿನ್ನುವ ಪಾಳಿ. ಆಮೇಲೆ ಬಿಸಿಲಿನಲ್ಲಿ ಕಲ್ಲು ಹೊರುವುದು, ಹೊತ್ತ ಕಲ್ಲನ್ನು ತಿರುಗಿ ಮೊದಲಿದ್ದಲ್ಲಿಗೇ ತಂದಿಡುವುದು. 1956ರೊಳಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಈ ದಾರಿ ಸವೆಸಿದರು. ಸ್ಟಾಲಿನ್ನನನ್ನು ಧಿಕ್ಕರಿಸಲು ಸ್ಟಾಲಿನ್ನನ ಉಪಾಯವನ್ನೇ ಕಡ ತಂದಂತಾಯಿತು.

ಆಪ್ತನಾಗಿದ್ದ ಮಿಲೋವಾನ್ ಜಿಲಾಸನ ಕಥೆಯೂ ಇದೇ. ಪಕ್ಷದ ಮುಖಂಡರೇ ಹೊಸ ಒಡೆಯರಾಗಿದ್ದಾರೆಂದು ಬರೆದದ್ದಕ್ಕೆ 1954ರಲ್ಲಿ ಪದವಿ ಹೋಯಿತು, ಮುಂದೆ ಸೆರೆಮನೆಯಾಯಿತು. ಸ್ಟಾಲಿನ್ನನಿಗೆ ಒಲ್ಲೆನೆಂದವನು, ತನಗೆ ಒಲ್ಲೆನೆಂದವನನ್ನು ಸಹಿಸಲಿಲ್ಲ.

ಹಾಗೆಂದು ಆತನ ಕಾಲ ಬರೀ ಕತ್ತಲೆಯೆಂದರೆ ಸುಳ್ಳಾದೀತು. 1950ರಿಂದ ಕಾರ್ಖಾನೆಗಳ ಆಡಳಿತದಲ್ಲಿ ಕೆಲಸಗಾರರ ಮಂಡಲಿಗಳು ಬಂದವು. ನೆರೆಯ ಕಮ್ಯುನಿಸ್ಟ್ ದೇಶಗಳ ಜನ ಗಡಿ ದಾಟಲಾರದೆ ಇದ್ದಾಗ ಇಲ್ಲಿಯವರು ದುಡಿಯಲು ಜರ್ಮನಿಗೆ ಹೋಗಿ ಬರುತ್ತಿದ್ದರು. 1961ರಲ್ಲಿ ಅಲಿಪ್ತ ರಾಷ್ಟ್ರಗಳ ಮೊದಲ ಸಮ್ಮೇಳನ ಕೂಡಿದ್ದು ಬೆಲ್‌ಗ್ರೇಡ್‌ನಲ್ಲಿ.

1953ರಲ್ಲಿ ಅಧ್ಯಕ್ಷಪೀಠವೇರಿದವನು ಸಾಯುವವರೆಗೂ ಇಳಿಯಲಿಲ್ಲ. 1974ರ ಸಂವಿಧಾನವು ಆತನಿಗೆ ಅವಧಿಯ ಮಿತಿಯನ್ನೇ ಇಡಲಿಲ್ಲ. ಆತನ ನಂತರ ಎಂಟು ಮಂದಿ ಸರದಿಯಂತೆ ಆಳಲಿ ಎಂದಿತು. ಉತ್ತರಾಧಿಕಾರಿಯೆನ್ನಬಹುದಾದ ಒಬ್ಬನನ್ನೂ ಆತ ಬೆಳೆಯಗೊಡಲಿಲ್ಲವೆಂಬುದು ನನ್ನ ದೂರು. 1991ರಲ್ಲಿ ದೇಶ ಒಡೆಯಿತು, ರಕ್ತ ಹರಿಯಿತು.

ಆದರೂ 1980ರ ಮೇ 4ರ ಭಾನುವಾರವನ್ನು ಮರೆಯುವಂತಿಲ್ಲ. ಕ್ರೊಯೇಷಿಯಾದ ಸ್ಪ್ಲಿಟ್ ನಗರದಲ್ಲಿ ಅಲ್ಲಿಯ ಹೈದುಕ್ ತಂಡಕ್ಕೂ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ತಂಡಕ್ಕೂ ಫುಟ್ಬಾಲ್ ಪಂದ್ಯ. ನಡುವೆಯೇ ಆಟ ನಿಲ್ಲಿಸಿ ಟಿಟೋ ತೀರಿಕೊಂಡನೆಂದು ಸಾರಿದರು. ಕ್ರೊಯಾಟರು, ಸರ್ಬರು ಎನ್ನದೆ ಆಟಗಾರರು ಮೈದಾನದಲ್ಲೇ ಅತ್ತರು. ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಆತನ ಹೆಸರಿನ ಹಾಡು ಹಾಡಿತು. ಆ ಗುಂಪಿನಲ್ಲಿ ಬೋಳು ದ್ವೀಪದಿಂದ ಮರಳಿದವರ ಮಕ್ಕಳೂ ಇದ್ದಿರಬಹುದು.