ಏಳು ಎಂಬ ಅಂಕಿ: ಕಾದ ಕ್ವಾರ್ಕ್ ದ್ರವ್ಯದ ಬೆಳಕಿನ ಚರಿತ್ರೆಯಲ್ಲಿ ಒಂದು ತಪ್ಪು ಓದು

ಕ್ವಾರ್ಕ್-ಗ್ಲುವಾನ್ ಪ್ಲಾಸ್ಮಾ ಸೂಸುವ ಬೆಳಕನ್ನು ಜಾಲಕ ಗಣನೆಯಿಂದ (ದೇಶ-ಕಾಲವನ್ನು ಬಿಂದುಗಳ ಬಲೆಯಾಗಿ ಒಡೆದು ಮಾಡುವ ಗಣನೆಯಿಂದ) ಲೆಕ್ಕಹಾಕಿದ ಚರಿತ್ರೆ ಹೇಳುವವರು 2004ರ ಮುಂಬಯಿ ಪ್ರಬಂಧವೊಂದನ್ನು ಒಂದೇ ಮಾತಿನಲ್ಲಿ ದಾಟಿಹೋಗುತ್ತಾರೆ. ಹಿಂದೂಪುರದಲ್ಲಿ ನಾನು ಕೇಳಿದ ಉಪನ್ಯಾಸವೊಂದರಲ್ಲೂ ಹಾಗೇ ಆಯಿತು: ಆ ಪ್ಲಾಸ್ಮಾದ ವಾಹಕತೆ ಮೊದಲು ಏಳು ಎಂದರು, ಆಮೇಲೆ 0.4 ಎಂದು ತಿದ್ದಿದರು. ಇದು ತಿದ್ದುಪಡಿಯ ಕತೆಯಲ್ಲ ಎಂಬುದು ನನ್ನ ವಾದ.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸೌರೇಂದು ಗುಪ್ತ ಅವರ ಆ ಪ್ರಬಂಧ ‘ಫಿಸಿಕ್ಸ್ ಲೆಟರ್ಸ್ ಬಿ’ಯಲ್ಲಿ ಅಚ್ಚಾಯಿತು. ಪ್ಲಾಸ್ಮಾದ ವಿದ್ಯುದ್ವಾಹಕತೆ ಗೊತ್ತಾದರೆ ಅತಿ ಕಡಿಮೆ ಶಕ್ತಿಯ ಫೋಟಾನುಗಳ ಹೊಮ್ಮುವಿಕೆಯೂ ಗೊತ್ತಾಗುತ್ತದೆ. ಆ ನಂಟನ್ನು ಹಿಡಿದು, ದ್ರವ್ಯ ಪ್ಲಾಸ್ಮಾ ಆಗಿ ಮಾರ್ಪಡುವ ಸಂಕ್ರಮಣ ತಾಪಮಾನದ 1.5ರಿಂದ 3 ಪಟ್ಟಿನವರೆಗೆ ಅವರು ಲೆಕ್ಕ ಮಾಡಿದರು. ತಾಪಮಾನವನ್ನು ಕ್ವಾರ್ಕುಗಳ ವಿದ್ಯುದಾವೇಶಗಳ ವರ್ಗಗಳ ಮೊತ್ತದಿಂದ ಗುಣಿಸಿ ಬಂದುದನ್ನು ಮಾನವಾಗಿ ಇಟ್ಟುಕೊಂಡರೆ, ಸಿಕ್ಕ ವಾಹಕತೆ ಸುಮಾರು 7. ಹೆಚ್ಚುಕಡಿಮೆ ಇದೇ ತಾಪಮಾನಗಳಲ್ಲಿ 2002ರಲ್ಲಿ ಬೀಲೆಫೆಲ್ಡ್‌ನ ಕಾರ್ಷ್ ಮತ್ತು ಸಂಗಡಿಗರಿಗೆ ಕಡಿಮೆ ಶಕ್ತಿಯಲ್ಲಿ ರೋಹಿತ ಕುಸಿದು ಹೋದಂತೆ ಕಂಡಿತ್ತು. ಒಂದೇ ದ್ರವ್ಯ ಒಬ್ಬರಿಗೆ ಉಜ್ವಲ, ಇನ್ನೊಬ್ಬರಿಗೆ ಕತ್ತಲು. ಒಬ್ಬರ ಲೆಕ್ಕ ತಪ್ಪಿತೆಂದು ಮುಗಿಸುವ ಮೊದಲು ಕೈಯಲ್ಲಿದ್ದ ಸಾಕ್ಷ್ಯ ಎಂಥದು ಎಂದು ನೋಡಬೇಕು.

ಜಾಲಕದಲ್ಲಿ ಬೆಳಕು ನೇರವಾಗಿ ಕಾಣುವುದಿಲ್ಲ. ಕಾಲ್ಪನಿಕ ಕಾಲದ ಕೆಲವೇ ಬಿಂದುಗಳಲ್ಲಿ ವಿದ್ಯುತ್ಪ್ರವಾಹಗಳ ಸಹಸಂಬಂಧ ಸಿಗುತ್ತದೆ. ಅದರಿಂದ ಇಡೀ ರೋಹಿತ ಫಲನವನ್ನು ಮರಳಿ ಕಟ್ಟಬೇಕು. ವಾಹಕತೆ ಇರುವುದು ಆ ಫಲನವನ್ನು ಶಕ್ತಿಯಿಂದ ಭಾಗಿಸಿದಾಗ ಸೊನ್ನೆಯ ಬಳಿ ಏಳುವ ಶಿಖರದ ಎತ್ತರದಲ್ಲಿ. ಶಿಖರದ ಅಗಲ ತಾಪಮಾನಕ್ಕಿಂತ ತೀರ ಕಿರಿದಾಗಿದ್ದರೆ, ಸಹಸಂಬಂಧಕ್ಕೆ ಅದು ಕೊಡುವ ಪಾಲು ಕಾಲದೊಡನೆ ಬದಲಾಗದ ಒಂದು ಸ್ಥಿರಾಂಕ. ಆ ಸ್ಥಿರಾಂಕದಲ್ಲಿ ಉಳಿಯುವುದು ಶಿಖರದಡಿಯ ವಿಸ್ತೀರ್ಣ ಮಾತ್ರ. ಅಗಲದ ಗುರುತು ಅಳಿಸಿಹೋಗಿರುತ್ತದೆ.

ಕಲ್ಯಾಣದುರ್ಗದ ಶೇಂಗಾ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿಂಗಳ ಕೊನೆಗೆ ಮಳೆಯ ಒಟ್ಟು ಲೆಕ್ಕವನ್ನಷ್ಟೇ ಕೊಟ್ಟರೆ, ಅದು ಒಂದೇ ರಾತ್ರಿ ಧೋ ಎಂದು ಸುರಿಯಿತೋ, ಹತ್ತು ದಿನ ಹದವಾಗಿ ಬಿತ್ತೋ ತಿಳಿಯದು. ಒಟ್ಟು ಒಂದೇ; ಹೊಲದ ಪಾಡು ಬೇರೆ. ಜಾಲಕ ಕೊಡುವುದು ತಿಂಗಳ ಒಟ್ಟು, ನಾವು ಕೇಳುತ್ತಿರುವುದು ಮಳೆಯ ರಭಸ.

ಈ ತೊಡಕನ್ನು ಆರ್ಟ್ಸ್ ಮತ್ತು ಮಾರ್ಟಿನೆಜ್ ರೆಸ್ಕೊ 2002ರಲ್ಲೇ, ಅಂದರೆ ಮುಂಬಯಿ ಪ್ರಬಂಧ ಅಚ್ಚಾಗುವ ಮೊದಲೇ, ಎತ್ತಿ ತೋರಿಸಿದ್ದರು. ಚರಿತ್ರೆ ಹೇಳುವವರು ಮರೆತಿರುವ ಆಕರ ಇದು. (ಗುಪ್ತರ ಪರ ವಹಿಸುವ ನಾನು ಇದನ್ನು ಮುಚ್ಚಿಡಲಾರೆ: ಆ ಎಚ್ಚರಿಕೆಯ ಭಾರ 7ರ ಮೇಲೂ ಬೀಳುತ್ತದೆ.) ಇದೇ ಆರ್ಟ್ಸ್ ಸಂಗಡಿಗರೊಂದಿಗೆ 2007ರಲ್ಲಿ 0.4 ಎಂಬ ಬೆಲೆ ಕೊಟ್ಟರು. ಇದು ಮುಂಬಯಿಯ ಬೆಲೆಯ ಹದಿನೇಳನೇ ಒಂದು ಭಾಗಕ್ಕೆ ಹತ್ತಿರ. ಆದರೆ ಆ ಪ್ರಬಂಧದ ನಿಜವಾದ ಕೊಡುಗೆ ಅಂಕಿಯಲ್ಲ. ರೋಹಿತವನ್ನು ಮರಳಿ ಕಟ್ಟಲು ಹಲವರು ನೆಚ್ಚಿದ್ದ ಗರಿಷ್ಠ ಎಂಟ್ರೊಪಿ ವಿಧಾನದ ರೂಢಿಯ ಕ್ರಮವೇ ಸೊನ್ನೆ ಶಕ್ತಿಯ ಬಳಿ ಅಸ್ಥಿರ ಎಂದು ಅವರು ತೋರಿಸಿದರು. ಬೀಲೆಫೆಲ್ಡ್‌ನವರು ಬಳಸಿದ್ದೂ ಅದೇ ವಿಧಾನ. ಹಾಗಿದ್ದ ಮೇಲೆ ಬರೀ 7ನ್ನು ಅನುಮಾನಿಸಿ ಬೀಲೆಫೆಲ್ಡ್‌ನ ಕತ್ತಲನ್ನು ನಂಬುವುದು ನ್ಯಾಯವಲ್ಲ.

2011ರಲ್ಲಿ ಡಿಂಗ್ ಮತ್ತು ಸಂಗಡಿಗರು ಸಂಕ್ರಮಣ ತಾಪಮಾನದ 1.45 ಪಟ್ಟಿನಲ್ಲಿ ಜಾಲಕದ ಕಣ್ಣಿಗಳನ್ನು ಕಿರಿದಾಗಿಸುತ್ತ ನಿರಂತರ ಮಿತಿಗೆ ಹೋದರು. ಅವರು ಒಂದೇ ಅಂಕಿ ಬರೆಯಲಿಲ್ಲ. ಮೂರನೇ ಒಂದರಿಂದ ಒಂದರವರೆಗೆ ಎಂದು ಎಲ್ಲೆ ಹಾಕಿದರು. ಹೀಗೆ 7 ಉಳಿಯಲಿಲ್ಲ, ಒಪ್ಪುತ್ತೇನೆ. ಆದರೆ 0.4 ಕೂಡ ಒಂಟಿ ಅಂಕಿಯಾಗಿ ಉಳಿಯಲಿಲ್ಲ. ಅದು ಎಲ್ಲೆಯೊಳಗಿನ ಒಂದು ಬಿಂದುವಾಯಿತು. (ಇವೆಲ್ಲವೂ ಕ್ವಾರ್ಕ್ ಜೋಡಿಗಳ ಹುಟ್ಟು-ಅಳಿವಿನ ಪರಿಣಾಮವನ್ನು ಬಿಟ್ಟು ಮಾಡಿದ ಲೆಕ್ಕಗಳು ಎಂಬುದನ್ನೂ ನೆನಪಿಡಬೇಕು.)

2016ರಲ್ಲಿ ಗಿಗ್ಲಿಯೆರಿ, ಕಾಚ್‌ಮಾರೆಕ್, ಲೈನೆ, ಮೇಯರ್ ಸೊನ್ನೆಯಲ್ಲದ ಸಂವೇಗಗಳಲ್ಲಿ ಫೋಟಾನ್ ದರವನ್ನೇ ಕೇಳಿದರು. ಸಂವೇಗ ತಾಪಮಾನದ ಮೂರು ಪಟ್ಟು ದಾಟಿದಲ್ಲಿ ಅವರ ಬೆಲೆಗಳು ದುರ್ಬಲ ಬಂಧದ ಸಿದ್ಧಾಂತಕ್ಕೆ ಹತ್ತಿರ ಬಂದವು. ಎರಡು ಪಟ್ಟಿನ ಕೆಳಗೆ ಅನಿಶ್ಚಿತತೆ ದೊಡ್ಡದಾಗಿಯೇ ಉಳಿಯಿತು. ಗುಪ್ತ ಕೈಹಾಕಿದ್ದು ಆ ಕೆಳಗಿನ ಭಾಗಕ್ಕೇ. ಹೋಲಿಕೆಗೆ ಎಂದು 7 ಮತ್ತು 0.4ನ್ನು ಒಂದೇ ಪಟ್ಟಿಯಲ್ಲಿ ಬರೆಯುವವರು, ಯಾವ ಅಗಲವನ್ನು ಊಹಿಸಿ ಆ ಎತ್ತರ ಪಡೆದರು ಎಂಬ ಕಲಮನ್ನು ಪಕ್ಕದಲ್ಲೇ ತುಂಬಬೇಕು. ಅದು ಖಾಲಿ ಇರುವವರೆಗೆ ಆ ಪಟ್ಟಿಯಿಂದ ಯಾರ ಸೋಲನ್ನೂ ಬರೆಯಲಾಗದು.